ತಮ್ಮನ ಗೂಡಿನ ಕೆಂಪು ಸೀಸೆಗಳು

ನನ್ನ ತಮ್ಮನ ಮನೆಯಲ್ಲಿ ದೆವ್ವವಿತ್ತೆಂದು ಕುರುಗೋಡಿನವರು ಇಂದಿಗೂ ಹೇಳುತ್ತಾರೆ. ಸುಳ್ಳು. ಅಲ್ಲಿದ್ದವನು ಅವನೊಬ್ಬನೇ, ಅವನಿರುವಾಗ ದೆವ್ವಕ್ಕೆ ಕೆಲಸವೇನಿತ್ತು!

ನಮ್ಮ ವಂಶದ್ದು ಕಾಲಿನ ರೋಗ. ಪಾದ ಮೇಲೇಳುವುದಿಲ್ಲ, ಕೆಸರಿನಲ್ಲಿ ನಡೆಯುವವರ ಹಾಗೆ ಮೊಣಕಾಲೆತ್ತಿ ಹಾಕಿದರೆ ಪಾದ ನೆಲಕ್ಕೆ ಟಪ್ಪೆಂದು ಬಡಿಯುತ್ತದೆ. ತಾತ ಸತ್ತ ಮೇಲೆ ಆ ಸದ್ದು ಅಪ್ಪನ ಕಾಲಿಗೆ ಬಂತು. ಅಪ್ಪ ಸತ್ತ ಮೇಲೆ ತಮ್ಮನ ಕಾಲಿಗೆ. ಸತ್ತವರೇ ಪಡಸಾಲೆಯಲ್ಲಿ ತಿರುಗಾಡುತ್ತಿದ್ದಾರೇನೋ ಅನ್ನಿಸಬೇಕು. ಹೊಲ ಹೊರಗೆ ಹೋಗಬಾರದೆಂದು ನಮ್ಮಲ್ಲಿ ಸೋದರಸಂಬಂಧದೊಳಗೇ ಮದುವೆ ಮಾಡುತ್ತಿದ್ದರು. ಹೊಲವೂ ಹೋಗಲಿಲ್ಲ, ರೋಗವೂ ಹೋಗಲಿಲ್ಲ!

ಎಪ್ಪತ್ತನೇ ಇಸವಿಯ ಆಸುಪಾಸಿನಲ್ಲಿ ತಮ್ಮ ಬಳ್ಳಾರಿಯ ಆಸ್ಪತ್ರೆಗೆ ಹೋದ. ಇದು ನರದ ರೋಗ, ರಕ್ತಸಂಬಂಧದಲ್ಲಿ ಬರುವಂಥದ್ದು, ಎಷ್ಟು ಏರಿದೆಯೆಂದು ರಕ್ತ ನೋಡಿ ಹೇಳಲಾಗದು ಎಂದರಂತೆ ಡಾಕ್ಟರು. ಅಲ್ಲೇ ಯಾರದೋ ರಕ್ತವನ್ನು ಗಾಜಿನ ಕೊಳವೆಯಲ್ಲಿ ನಿಲ್ಲಿಸಿದ್ದರು. ಕೆಂಪು ಕೆಳಗಿಳಿದು ಮೇಲೆ ನೀರು ನಿಂತಿತ್ತು. ಇವನು ಅದನ್ನು ನೋಡಿಬಿಟ್ಟ.

"ಅಕ್ಕಾ, ರಕ್ತದಾಗ ಬರೋದು ರಕ್ತದಾಗ ಕಾಣಂಗಿಲ್ಲ ಅಂದ್ರ ಹೆಂಗ?" ಎಂದ.

ಡಾಕ್ಟರಿಗೇ ಗೊತ್ತಿಲ್ಲದ್ದು ನನಗೇನು ಗೊತ್ತು?

ಶುರುವಾಯಿತು. ಇಂಜೆಕ್ಷನ್ನಿನ ಖಾಲಿ ಸೀಸೆ ತಂದ, ಬಂಧುಗಳ ಬೆರಳು ಚುಚ್ಚಿದ, ಗೋಡೆಯ ಗೂಡಿನಲ್ಲಿ ಸಾಲಾಗಿ ಇಟ್ಟ. ಮೇಲೆ ನಿಂತ ನೀರು ಹೆಚ್ಚಾದಷ್ಟೂ ರೋಗ ಹೆಚ್ಚು, ಇದು ಅವನ ಶಾಸ್ತ್ರ. ಸಿರುಗುಪ್ಪದ ಮದುವೆಯೊಂದರಲ್ಲಿ ಊಟಕ್ಕೆ ಕೂತಿದ್ದ ಚಿಕ್ಕಪ್ಪನ ಎಡಗೈ ಹಿಡಿದ. ಬಲಗೈಯ ಹೋಳಿಗೆ ಬಿಡದೆ ಎದ್ದು ಓಡಿದರು ನೋಡಿ! ನಡೆಯಲಾಗದೆಂದು ಹೇಳಿ ಏಳೆಂಟು ವರ್ಷದಿಂದ ಹೊಲಕ್ಕೆ ಹೋಗದಿದ್ದವರು ಅವರು.

ನಗುವುದೇನೋ ಸರಿ. ಬಿಸಿಲಿಳಿಯುವ ಹೊತ್ತಿಗೆ ಆ ಮನೆಗೆ ಕಾಲಿಟ್ಟರೆ ನನಗೂ ಎದೆ ಝಲ್ಲೆನ್ನುತ್ತಿತ್ತು. ಗೂಡಿನಲ್ಲಿ ಎಲ್ಲರ ರಕ್ತವೂ ಕಪ್ಪಾಗಿ ಕೂತಿರುತ್ತಿತ್ತು. ನನ್ನ ಮಗಳದೊಂದು ಮಾತ್ರ ವಾರ ಕಳೆದರೂ ಕೆಂಪಗೆ! ಒಂಬತ್ತೋ ಹತ್ತೋ ವರ್ಷದ ಹುಡುಗಿ. ಇವಳದು ಚೊಕ್ಕ ರಕ್ತ, ಇವಳಿಗೇನೂ ಬರುವುದಿಲ್ಲ ಎನ್ನುತ್ತಿದ್ದ ತಮ್ಮ. ಆ ಹುಚ್ಚನ ಬೇರೆ ಯಾವ ಮಾತನ್ನೂ ನಂಬದವಳು ಇದೊಂದನ್ನು ನಂಬಿದ್ದೆ.

ಒಂದು ಸಂಜೆ ಅವನೆದುರು ಕೂತು ಶೇಂಗಾ ಸುಲಿಯುತ್ತಿದ್ದೆ. ಬೆನ್ನ ಹಿಂದೆ ಟಪ್, ಟಪ್. ಅಪ್ಪನ ಹೆಜ್ಜೆ. ಅಪ್ಪ ಸತ್ತು ಎಷ್ಟೋ ಕಾಲವಾಗಿತ್ತು. ತಮ್ಮ ಕಣ್ಣೆದುರೇ ಕೂತಿದ್ದ. ನಾನು ತಿರುಗಲಿಲ್ಲ, ಅವನ ಮುಖ ನೋಡಿದೆ. ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ಸದ್ದು ಹತ್ತಿರ ಬಂದು ನಿಂತಿತು. ಮಗಳು ನನ್ನ ಹೆಗಲ ಮೇಲೆ ಕೈಯಿಟ್ಟಳು.

ಎದ್ದು ಹೋಗಿ ಅವಳ ಸೀಸೆ ತೆಗೆದು ಮೂಸಿದೆ. ಕುಂಕುಮದ ನೀರು.

"ಯಾಕಲೇ ಹಿಂಗ ಮಾಡಿದಿ?"

"ಎಲ್ಲಾರದೂ ನೋಡಿದೆ ಅಕ್ಕಾ. ಆಕಿದು ನೋಡಾಕ ಧೈರ್ಯ ಆಗಲಿಲ್ಲ."

ಚುಚ್ಚಿದಂತೆ ಕಾಣಲೆಂದು ಬೆರಳಿಗೆ ಬಟ್ಟೆ ಸುತ್ತಿ, ಪೆಪ್ಪರಮೆಂಟು ಕೊಟ್ಟು ಅವಳ ಬಾಯಿ ಮುಚ್ಚಿಸಿದ್ದನಂತೆ. ಬೈಯಲು ಬಾಯಿ ತೆರೆದೆ. ಅವನು ಅವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬೆರಳು ನೀವುತ್ತಿದ್ದ.

ಮರುದಿನ ಬೆಳಿಗ್ಗೆ ಇಬ್ಬರನ್ನೂ ಬಸ್ಸು ಹತ್ತಿಸಿ ಬಳ್ಳಾರಿಗೆ ಕರೆದುಕೊಂಡು ಹೋದೆ. ಬ್ರೂಸ್‌ಪೇಟೆಯ ಅಂಗಡಿಯೊಂದರಲ್ಲಿ, ಪಾದ ಜೋಲದಂತೆ ಬಿಗಿಹಿಡಿಯುವ ಲೇಸಿನ ಬೂಟು ಕೇಳಿದೆ. ಅವು ಗಂಡುಮಕ್ಕಳ ಬೂಟು ಎಂದ ಅಂಗಡಿಯವನು. ಇದ್ದರಿರಲಿ ಎಂದೆ. ಮಗಳಿಗೊಂದು ಜೊತೆ, ಅವಳ ಮಾವನಿಗೊಂದು ಜೊತೆ ಕೊಂಡು, ಅಲ್ಲೇ ನೆಲದ ಮೇಲೆ ಕೂತು ಇಬ್ಬರಿಗೂ ನಾನೇ ಲೇಸು ಬಿಗಿದೆ.