ನಿಂತರೆ ನಡುಗುವ ಗಾಡಿ

ಪಿಕಪ್ ಅಣ್ಣನ ಗಾಡಿಗೆ ಓಡುವಾಗ ಏನೂ ತೊಂದರೆ ಇರಲಿಲ್ಲ. ತೊಂದರೆಯೆಲ್ಲ ನಿಂತಾಗ. ಟರ್ಬೊ ಗಾಡಿ, ಏರು ಹತ್ತುವಾಗ ಆನೆಬಲ. ಆದರೆ ಎಂಜಿನ್ ಆರಿಸದೆ ಸಿಗ್ನಲ್ಲಿನಲ್ಲಿ ನಿಲ್ಲಿಸಿದರೆ ಸಾಕು, ಚಳಿಜ್ವರ ಬಂದವರ ಹಾಗೆ ಗಡಗಡ ನಡುಗುತ್ತಿತ್ತು. ಪಕ್ಕದಲ್ಲಿ ಕೂತವರು ಬಾಯಿ ತೆರೆದರೆ ಒಂದೊಂದು ಅಕ್ಷರವೂ ಎರಡೆರಡು ಸಲ ಹೊರಬರುತ್ತಿತ್ತು.

ಹೀಗೇ ಇನ್ನಷ್ಟು ವರ್ಷ ನಡೆಯುತ್ತಿತ್ತೇನೋ. ಆದರೆ ಅಂದು ಬೆಳಿಗ್ಗೆ ಗಾಜಿನಂಗಡಿ ಅಮ್ಮನ ಫೋನ್ ಬಂತು. ಕನ್ನಡಿ, ಕಿಟಕಿ ಗಾಜು ಸಾಗಿಸಲು ಅವರಿಗೊಂದು ಖಾಯಂ ಗಾಡಿ ಬೇಕಿತ್ತು.

"ಸಂಜೆ ಬರ್ತೀನಪ್ಪ. ಎಂಜಿನ್ ಓಡ್ತಿರುವಾಗ ಬಾನೆಟ್ ಮೇಲೆ ತುಂಬಿದ ಲೋಟ ನೀರಿಡ್ತೀನಿ. ಒಂದು ಹನಿ ಚೆಲ್ಲಿದ್ರೂ ನಮಸ್ಕಾರ, ಬೇರೆ ಗಾಡಿ ನೋಡ್ಕೋತೀನಿ."

ಅಣ್ಣ ಫೋನಿಟ್ಟವನೇ ಗಾಡಿಯತ್ತ ಓಡಿದ. ಯಾರದೋ ಮಂಚ, ಬೀರು ಹೊತ್ತು ಊರೂರು ಅಲೆದು ಅವನಿಗೆ ಸಾಕಾಗಿತ್ತು. ಈ ಕೆಲಸ ಸಿಕ್ಕರೆ ದಿನವೂ ಮಧ್ಯಾಹ್ನ ಮನೆಯಲ್ಲೇ ಬಿಸಿ ಊಟ. ಹೆಂಡತಿಯಂತೂ ಆಗಲೇ ಅವನಿಗೊಂದು ತಟ್ಟೆ ಎತ್ತಿಟ್ಟಿದ್ದಳು.

ಬಾನೆಟ್ ಎತ್ತಿದ್ದೇ ತಡ, ಬೀದಿಯೆಲ್ಲ ಅದರೊಳಗೆ ತಲೆ ಹಾಕಿತು.

ಮೊದಲು ಬಂದವರು ಬಸ್ ತಾತ. ಬಸ್ಸು ಓಡಿಸಿ ನಿವೃತ್ತರಾದವರು. ಈಗಲೂ ಮನೆಬಾಗಿಲು ದಾಟುವಾಗ ಎಡಬಲ ನೋಡಿಯೇ ದಾಟುತ್ತಾರೆ.

"ಪ್ಲಗ್ಗು ಕಣೋ! ಮಸಿ ಕಟ್ಟಿರತ್ತೆ, ತೆಗಿ ಎಲ್ಲಾನೂ!"

ಪ್ಲಗ್ಗುಗಳನ್ನು ತೆಗೆದು, ಫಳಫಳ ಉಜ್ಜಿ, ಮತ್ತೆ ಹಾಕಿದ್ದಾಯಿತು. ಗಾಡಿ ಫಳಫಳ ನಡುಗಿತು.

"ಅದಲ್ಲ ತಾತ," ಎಂದ ಎದುರುಮನೆ ಟೈಲರ್, ಕೊರಳಲ್ಲಿ ಅಳತೆಪಟ್ಟಿ ಜೋಲಾಡಿಸಿಕೊಂಡು. "ನನ್ನ ಮಿಶಿನ್ನೂ ಹೀಗೇ ಕುಣೀತಿತ್ತು. ಒಳಗೆ ಧೂಳು. ಇದಕ್ಕೆ ಉಸಿರು ಕಟ್ಟಿದೆ."

"ನಿನ್ನ ಮಿಶಿನ್ನಿಗೆ ಟರ್ಬೊ ಇದ್ಯೇನೋ?"

"ಇಲ್ಲದಿದ್ರೇನು? ಸೂಜಿ ಇದೆ!"

ಗಾಳಿ ಶೋಧಿಸುವ ಫಿಲ್ಟರನ್ನು ಹೊರತೆಗೆದು ಟೈಲರ್ ಆ ಕೊಳವೆಯೊಳಗೆ ಇಣುಕಿದ. ಡ್ರೈವರ್ ಸೀಟಿನಲ್ಲಿ ಕೂತಿದ್ದ ತಾತ ಅದೇ ಹೊತ್ತಿಗೆ ಎಂಜಿನ್ ಹತ್ತಿಸಿ ಆಕ್ಸಿಲರೇಟರ್ ಒತ್ತಿದರು. ಟರ್ಬೊ ಸುಯ್ಯೆಂದು ಉಸಿರೆಳೆಯಿತು. ಜೊತೆಗೆ ಟೈಲರನ ಅಂಗಿಯ ಹೆಗಲನ್ನೂ ಎಳೆಯಿತು. ಬಟ್ಟೆ ಕೊಳವೆಯ ಬಾಯಿಗೆ ಕಚ್ಚಿಕೊಂಡಿತು, ಎಂಜಿನ್ ಕೆಮ್ಮಿ ನಿಂತಿತು. ಟೈಲರ್ ಮಾತ್ರ ಮೇಷ್ಟರು ಕಿವಿ ಹಿಡಿದ ಹುಡುಗನಂತೆ ಬಗ್ಗಿಕೊಂಡೇ ಇದ್ದ.

"ಬಿಡಿಸ್ರೋ! ನನ್ನೇ ನುಂಗ್ತಿದೆ!"

ಬಿಡಿಸಿ, ಫಿಲ್ಟರ್ ಹಾಕಿ, ಮತ್ತೆ ಎಂಜಿನ್ ಹತ್ತಿಸಿದರೆ ಅದೇ ಗಡಗಡ. ಬಿಸಿಲು ಇಳಿಯುತ್ತಿತ್ತು. ಅಣ್ಣ ತಲೆ ಮೇಲೆ ಕೈಹೊತ್ತು ಕೂತ.

ಪಕ್ಕದಮನೆ ಅತ್ತೆಗೆ ಎಂಜಿನ್ನಿನ ವಿಷಯ ಏನೂ ತಿಳಿಯದು. ಬೆಳಗಿನಿಂದ ಇವರೆಲ್ಲ ಬಿಸಿಲಲ್ಲಿ ಒಣಗುತ್ತಿದ್ದಾರೆಂಬುದಷ್ಟೇ ಅವರಿಗೆ ಕಂಡಿದ್ದು. ತುಂಬಿದ ತಂಬಿಗೆ ಹಿಡಿದು ಬಂದರು. "ಮೊದ್ಲು ನೀರು ಕುಡೀರೋ ಮಕ್ಳಾ," ಎಂದು ಎತ್ತಿದ ಬಾನೆಟ್ಟಿನಡಿ ಕೈ ಚಾಚುವಾಗ ಅರ್ಧ ತಂಬಿಗೆ ಎಂಜಿನ್ ಮೇಲೆಯೇ ಚೆಲ್ಲಿತು.

"ಅಯ್ಯೋ ಅತ್ತೆ!"

ಆದರೆ ನಡುಕ ಗಪ್ಪನೆ ನಿಂತಿತು. ಎಲ್ಲರೂ ಮುಖ ಮುಖ ನೋಡಿಕೊಳ್ಳುವಷ್ಟರಲ್ಲಿ ಮತ್ತೆ ಗಡಗಡ.

"ಇನ್ನೊಂಚೂರು ಚೆಲ್ಲಮ್ಮ," ಎಂದರು ತಾತ ಪಿಸುದನಿಯಲ್ಲಿ.

ಅತ್ತೆ ಈ ಬಾರಿ ಗಿಡಕ್ಕೆ ಹಾಕುವಂತೆ ನಿಧಾನವಾಗಿ ಚೆಲ್ಲಿದರು. ಆಗ ಸಿಕ್ಕಿತು ಕಳ್ಳ: ಕೆಳಗೆ ಅವಿತಿದ್ದ ಬೆರಳುದಪ್ಪದ ರಬ್ಬರ್ ಕೊಳವೆ, ಅದರಲ್ಲೊಂದು ಕೂದಲೆಳೆಯ ಬಿರುಕು. ಅಲ್ಲಿಂದ ಎಂಜಿನ್ ಕದ್ದು ಗಾಳಿ ಕುಡಿಯುತ್ತಿತ್ತು. ನೀರು ಬಿದ್ದಾಗ ಬಿರುಕು ಒಂದು ಕ್ಷಣ ಮುಚ್ಚಿಕೊಳ್ಳುತ್ತಿತ್ತು. ತಾತ ತಮ್ಮ ಹಳೆಯ ಪೆಟ್ಟಿಗೆಯಿಂದ ಅದೇ ಅಳತೆಯ ಹೊಸ ತುಂಡು ತಂದರು, ಟೈಲರ್ ತನ್ನ ಕತ್ತರಿಯಿಂದ ಅಚ್ಚುಕಟ್ಟಾಗಿ ಕತ್ತರಿಸಿದ. ಗಾಡಿ ಹಾಲು ಕುಡಿದ ಬೆಕ್ಕಿನಂತೆ ಸುಮ್ಮನಾಯಿತು.

ಗಾಜಿನಂಗಡಿ ಅಮ್ಮ ಬೀದಿಯ ತಿರುವಿನಲ್ಲಿ ಕಾಣುತ್ತಲೇ ಅಣ್ಣ ಎಂಜಿನ್ ಹತ್ತಿಸಿ, ಕೆಳಗಿಳಿದು, ಕೈಕಟ್ಟಿ ನಿಂತ. ಅವರು ಬಾನೆಟ್ ಮೇಲೆ ತುಂಬಿದ ಲೋಟ ಇಟ್ಟರು. ನೀರು ಕನ್ನಡಿಯಂತೆ ನಿಂತಿತು.

"ಎಂಜಿನ್ ಆರಿಸಿದ್ರೆ ನೀರು ಯಾಕಪ್ಪ ಅಲುಗತ್ತೆ? ಸ್ಟಾರ್ಟ್ ಮಾಡು, ನೋಡೋಣ."

ಅಣ್ಣ ಗಾಬರಿಯಾಗಿ ಒಳಗೆ ಹಾರಿ ಕೂತ. ಇಷ್ಟು ಕಾಲ ಎಂಜಿನ್ ಓಡುತ್ತಿರುವ ಸುದ್ದಿ ಅವನಿಗೆ ತಲುಪುತ್ತಿದ್ದದ್ದು ಕಿವಿಯಿಂದಲ್ಲ, ಸೀಟಿನಿಂದ. ಸೀಟು ಮಿಸುಕಲಿಲ್ಲ. ನಿಂತೇಹೋಗಿದೆ ಎಂದುಕೊಂಡು ಕೀಲಿ ತಿರುಗಿಸಿದ.

ಡಬ್ಬದ ತುಂಬ ಚಮಚ ಹಾಕಿ ರುಬ್ಬಿದಂತೆ ಸದ್ದಾಯಿತು. ಬೆಚ್ಚಿಬಿದ್ದು ಎಂಜಿನ್ ಆರಿಸಿದ. ಮತ್ತೆ ತಿರುಗಿಸಿದರೆ ಗಿರ್ರೆಂದಿತೇ ಹೊರತು ಹತ್ತಲಿಲ್ಲ.

"ಓಡ್ತಿರೋ ಎಂಜಿನ್ನಿಗೆ ಸ್ಟಾರ್ಟರ್ ಕೊಟ್ಯಲ್ಲೋ! ಅದರ ಹಲ್ಲು ಉದುರೋಯ್ತು, ಇನ್ನು ತಳ್ಳಿದ್ರೇ ಹತ್ತೋದು," ಎಂದು ತಾತ ಹಣೆ ಚಚ್ಚಿಕೊಂಡರು.

ಅಮ್ಮ ಒಳ್ಳೆಯವರು. "ಹೋಗ್ಲಿ ಬಿಡು, ತಳ್ಳೋಣ. ಎಂಜಿನ್ ಹತ್ತಿದ ಮೇಲೆ ಲೋಟ ಇಡ್ತೀನಿ," ಎಂದು ಕೈಚೀಲ ಮತ್ತು ಲೋಟ ಅತ್ತೆಗೆ ಕೊಟ್ಟು ತಾವೂ ಹೆಗಲು ಹಚ್ಚಿದರು. ತಾತ, ಟೈಲರ್, ಅಣ್ಣನ ಹೆಂಡತಿ ಎಲ್ಲರೂ "ಹೂಂ, ಹೂಂ" ಎನ್ನುತ್ತ ತಳ್ಳಿದರು. ಅಣ್ಣ ಕ್ಲಚ್ ಬಿಟ್ಟ. ಗಾಡಿ ಒಮ್ಮೆ ಮುಗ್ಗರಿಸಿತು. ನಡುಕ ಬರುವುದೆಂದು ಕಾದ. ಬರಲಿಲ್ಲ.

"ಹತ್ಲಿಲ್ಲ! ಇನ್ನೂ ತಳ್ಳಿ!" ಎಂದು ಮತ್ತೆ ಕ್ಲಚ್ ಒತ್ತಿಹಿಡಿದ.

ತಳ್ಳಿದರು. ಬೇಕರಿ ದಾಟಿತು, ಔಷಧಿ ಅಂಗಡಿ ದಾಟಿತು. ಕೊನೆಗೆ ಮೆಕ್ಯಾನಿಕ್ಕನ ಶೆಡ್ಡಿನ ಮುಂದೆ ಎಲ್ಲರೂ ಏದುಸಿರು ಬಿಡುತ್ತ ನಿಂತರು. ಮೆಕ್ಯಾನಿಕ್ ಹೊರಗೆ ಬಂದು, ಬಾನೆಟ್ ಮೇಲೆ ಕೈಯಿಟ್ಟು ಕೇಳಿದ:

"ಎಂಜಿನ್ ಓಡ್ತಾನೇ ಇದೆ. ಯಾಕೆ ತಳ್ತಿದ್ದೀರ?"

ಗಾಜಿನಂಗಡಿ ಅಮ್ಮ ಹಿಂದೆಯೇ ಬಂದಿದ್ದ ಅತ್ತೆಯ ಕೈಯಿಂದ ಲೋಟ ತೆಗೆದುಕೊಂಡು, ನೀರು ತುಂಬಿ ಬಾನೆಟ್ ಮೇಲಿಟ್ಟರು. ಒಂದು ಹನಿಯೂ ಚೆಲ್ಲಲಿಲ್ಲ.

"ಗಾಡಿ ಪಾಸಪ್ಪ. ಆದ್ರೆ ಓಡ್ತಿದ್ಯೋ ನಿಂತಿದ್ಯೋ ತಿಳೀದವನ ಕೈಗೆ ಕನ್ನಡಿ ಹೇಗೆ ಕೊಡ್ಲಿ?"

"ತಿಳಿಯತ್ತಮ್ಮ! ಈಗ ಚೆನ್ನಾಗಿ ತಿಳಿಯತ್ತೆ!" ಎಂದ ಅಣ್ಣ. "ನೋಡಿ, ಇದು ಓಡ್ತಿರೋದು." ಕೀಲಿ ತಿರುಗಿಸಿದ. "ಇದು ಆರಿಸಿದ್ದು!"

ಹೆಂಡತಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಟೈಲರ್ ಮತ್ತೆ ತಳ್ಳಲು ಮೆಲ್ಲಗೆ ಅಂಗಿಯ ತೋಳು ಮಡಚತೊಡಗಿದ.

ಗಾಜಿನಂಗಡಿ ಅಮ್ಮ ಬಾನೆಟ್ ಮೇಲಿನ ಲೋಟವನ್ನೆತ್ತಿ ಅಣ್ಣನ ಕೈಗಿತ್ತರು. "ಕುಡಿಯಪ್ಪ, ಬೆವೆತುಹೋಗಿದ್ದೀಯ," ಎಂದು ಅವನ ಹೆಗಲು ತಟ್ಟಿ, ಬೇರೆ ಗಾಡಿ ನೋಡಲು ಹೊರಟರು.