ಹುಣಸೆಹಣ್ಣಿನಲ್ಲಿ ಮುಳುಗಿದ ಚೀನಾ ಚಕ್ರವರ್ತಿ

ಚೀನಾದ ಹಳೆಯ ನಾಣ್ಯದ ವಯಸ್ಸು ಹೇಳುವುದರಲ್ಲಿ ಏನಿದೆ ಮಹಾ? ನಡುವೆ ಚೌಕ ತೂತು, ಸುತ್ತ ನಾಲ್ಕು ಅಕ್ಷರ. ಎರಡನ್ನು ಓದಿದರೆ ಚಕ್ರವರ್ತಿ ಸಿಕ್ಕ. ಚಕ್ರವರ್ತಿ ಸಿಕ್ಕರೆ ಕಾಲ ಸಿಕ್ಕಿತು!

ಮಲ್ಕಾಜ್‌ಗಿರಿಯ ನಮ್ಮ ಅತ್ತೆ ದೇವರ ಜಗಲಿಯಿಂದ ಅಂಥದೊಂದನ್ನು ತೆಗೆದು ನನ್ನ ಕೈಗಿಟ್ಟರು. “ನಮ್ಮಪ್ಪ ಮಿಲಿಟರಿಯೊಳಗಿದ್ದಾಗ ಚೀನಾದಿಂದ ತಂದಿದ್ದು. ನನ್ನ ತಮ್ಮ ಸುಳ್ಳಂತಾನ, ಬಜಾರದಾಗ ಸಿಗ್ತಾವಂತ. ನೀವು ಕಲ್ತವರು, ಎಷ್ಟು ಹಳೇದು ನೋಡಿ ಹೇಳ್ರಿ ಅಳಿಯಂದ್ರ. ಅಪ್ಪಂದು ಅಂತ ಉಳಿದದ್ದು ಇದೊಂದ.”

ಹೋದ ವರ್ಷ ಅತ್ತೆ ಹೇಳಿದ ಕಥೆಯಲ್ಲಿ ಇದೇ ಅಪ್ಪ ಹಡಗಿನಲ್ಲಿದ್ದರು. ಆದ್ದರಿಂದ ನಾನು ನೆನಪನ್ನು ನಂಬುವುದಿಲ್ಲ, ಲೋಹವನ್ನು ನಂಬುತ್ತೇನೆ.

ಲೈಬ್ರರಿಯಿಂದ ಪುಸ್ತಕ ತಂದು ಎಂಟು ದಿನ ಭೂತಗನ್ನಡಿ ಹಿಡಿದು ಕೂತೆ. ಯಾವ ಚಕ್ರವರ್ತಿಯೂ ಹೊಂದಲಿಲ್ಲ. ಒಂಬತ್ತನೇ ದಿನ ಹೆಂಡತಿ ಸುಶೀಲಾ ಚಹಾ ಇಡುತ್ತ ಬಗ್ಗಿ ನೋಡಿದಳು.

“ತಲಿಕೆಳಗ ಹಿಡದೀರಲ್ರಿ?”

ಹಿಡಿದಿದ್ದೆ!

ತಿರುಗಿಸಿದೆ. ಹದಿನೆಂಟನೇ ಶತಮಾನ! ಆದರೆ ಪುಸ್ತಕದ ಪುಟದಡಿ ಎಚ್ಚರಿಕೆಯೊಂದಿತ್ತು: ಈ ಚಕ್ರವರ್ತಿಯ ಹೆಸರಿನ ನಕಲುಗಳು ಬಹಳ. ಹೋಲಿಸಿ ನೋಡಲು ದಿಲ್‌ಸುಖ್‌ನಗರದ ಬಜಾರದಿಂದ, ಅದೃಷ್ಟಕ್ಕೆಂದು ಕೆಂಪು ದಾರಕ್ಕೆ ಕಟ್ಟಿ ಮಾರುವ ಮೂರು ಫೆಂಗ್‌ಶುಯಿ ನಾಣ್ಯ ತಂದೆ. ಅದೇ ಹೆಸರು, ಅದೇ ಅಳತೆ. ಅತ್ತೆಯದು ಹಸಿರುಗಪ್ಪು, ಅಂಗಡಿಯವು ಮಾಸಿದ ಹಳದಿ. ಇದು ನ್ಯಾಯವಾದ ಹೋಲಿಕೆಯಲ್ಲವೆಂದು ನನ್ನ ವೈಜ್ಞಾನಿಕ ಮನಸ್ಸು ತೀರ್ಪು ಕೊಟ್ಟಿತು.

ಅಂದು ಗುರುವಾರ ಮಧ್ಯಾಹ್ನ. ಶುಕ್ರವಾರದ ಪೂಜೆಯ ಪಾತ್ರೆ ತಿಕ್ಕಲು ಸುಶೀಲಾ ನೆನೆಹಾಕಿದ್ದ ಹುಣಸೆಹಣ್ಣು ಅಲ್ಲೇ ಇತ್ತು. ದಾರ ಕತ್ತರಿಸಿದೆ. ನಾಲ್ಕನ್ನೂ ಒಂದೇ ಬಟ್ಟಲಿಗೆ ಹಾಕಿ, ಉಪ್ಪು ಸೇರಿಸಿ, ಗಸಗಸ ತಿಕ್ಕಿದೆ. ಆಹಾ, ನಾಲ್ಕೂ ಥಳಥಳ!

“ಇದರಾಗ ಅವ್ವಂದು ಯಾವುದ್ರಿ?” ಎಂದಳು ಸುಶೀಲಾ.

ನಾಲ್ಕನ್ನೂ ತಿರುಗಿಸಿ, ತಲೆಕೆಳಗು ಮಾಡಿ ನೋಡಿದೆ.

ಹಳೇ ನಾಣ್ಯದ ವ್ಯಾಪಾರಿಯ ಬಳಿ ಓಡಿದೆ. “ಅರೆ ಸಾಬ್, ಯೇ ಕ್ಯಾ ಕರ್ ದಿಯೇ!” ಎಂದು ಆತ ಹಣೆ ಚಚ್ಚಿಕೊಂಡ. ನಾನು ತಿಕ್ಕಿ ತೆಗೆದ ಆ ಹಸಿರು ಕಿಲುಬೇ ನಾಣ್ಯ ಹಳೆಯದೆನ್ನಲು ಮುಖ್ಯ ಸಾಕ್ಷಿಯಂತೆ!

ಕೊನೆಗೆ ಅತ್ತೆಯ ಮುಂದೆ ನಾಲ್ಕನ್ನೂ ಇಟ್ಟು ತಪ್ಪೊಪ್ಪಿಕೊಂಡೆ. ಅವರು ಬೈಯಲಿಲ್ಲ. ತಟ್ಟನೆ ಒಂದನ್ನು ಆರಿಸಿ ಕಣ್ಣಿಗೊತ್ತಿಕೊಂಡರು. “ನಮ್ಮಪ್ಪನ ಕೈಯಾಗಿಂದು ನನಗ ಗೊತ್ತಾಗಂಗಿಲ್ಲೇನು?”

ಅದರ ತೂತಿನಲ್ಲಿ ಕೆಂಪು ದಾರದ ಎಳೆಯೊಂದು ಇನ್ನೂ ಅಂಟಿಕೊಂಡಿತ್ತು. ಬಾಯಿ ತೆರೆದೆ. ಸುಶೀಲಾ ಕಾಲು ತುಳಿದಳು. ಮುಚ್ಚಿದೆ.

ಉಳಿದ ಮೂರು ಈಗ ನನ್ನ ಮೇಜಿನ ಮೇಲಿವೆ. ಅವುಗಳ ಕಾಲ ಯಾವುದೆಂದು ಯಾರಾದರೂ ಕೇಳಿದರೆ ಖಚಿತವಾಗಿ ಹೇಳಬಲ್ಲೆ: ಹೋದ ಗುರುವಾರ, ಮಧ್ಯಾಹ್ನ ಮೂರು ಗಂಟೆ.