ಬೀಗದಕೈ ಯಾವ ಬಸ್ಸಲ್ಲಿ ಬರುತ್ತೆ?

ಗುಟ್ಟು ಕಾಯುವುದೇ ಕೆಲಸವಾಗಿಬಿಟ್ಟರೆ ನಗೆಪಾಟಲು ದಿನಕ್ಕೊಂದರಂತೆ ಮನೆ ಹುಡುಕಿಕೊಂಡು ಬರುತ್ತದೆ, ನಾವು ಕರೆಯಬೇಕಾಗಿಲ್ಲ. ನಾನು ಪೊಲೀಸಿನವಳಲ್ಲ. ಚಾಮರಾಜನಗರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಮೇಡಂ ಆಗಿದ್ದೆ, ಉಮ್ಮತ್ತೂರಿನಿಂದ ದಿನಾ ಬಸ್ಸಿಗೆ ಬಂದು ಹೋಗುತ್ತಿದ್ದವಳು. ನಮ್ಮ ಬೀದಿಯಿಂದ ಮೈಸೂರಿಗೆ ಹೋಗಿ ಕಂಪ್ಯೂಟರ್ ಡಿಪ್ಲೊಮಾ ಮಾಡಿದ ಮೊದಲ ಹುಡುಗಿ ನಾನೇ. ಇದನ್ನು ಯಾರೂ ಕೇಳದಿದ್ದರೂ ಹೇಳುವ ಚಾಳಿ ನನಗಿದೆ, ಈಗಲೂ ಹೇಳಿದೆ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿದ್ದ ಕಾಲ. ನಮ್ಮ ಆಡಳಿತ ಮಂಡಳಿಗೆ ಗುಂಡ್ಲುಪೇಟೆಯಲ್ಲೂ ಒಂದು ಹೈಸ್ಕೂಲಿತ್ತು. ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಗೆ ಎರಡೂ ಕಡೆ ಒಂದೇ ಪ್ರಶ್ನೆಪತ್ರಿಕೆ. ಪತ್ರಿಕೆ ತಯಾರಾಗುವುದು ಚಾಮರಾಜನಗರದಲ್ಲಿ. ಅರಗು ಹಾಕಿ ಮುದ್ರೆ ಒತ್ತಿದ ಬಂಡಲನ್ನು ಗುಂಡ್ಲುಪೇಟೆ ಸ್ಕೂಲಿನ ಅಟೆಂಡರ್ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ಯುತ್ತಿದ್ದರು. ಒಂದು ವರ್ಷ ಗಣಿತದ ಪತ್ರಿಕೆ ಪರೀಕ್ಷೆಗೆ ಎರಡು ದಿನ ಮೊದಲೇ ಮಕ್ಕಳ ಕೈಯಲ್ಲಿತ್ತು. ಎಲ್ಲಿ ಸೋರಿತೋ ಇವತ್ತಿಗೂ ಗೊತ್ತಿಲ್ಲ. ಆದರೆ ಮಂಡಳಿಯ ಅಧ್ಯಕ್ಷರು ಗುಂಡ್ಲುಪೇಟೆ ಸ್ಕೂಲಿನ ಬೆಳಗಿನ ಪ್ರಾರ್ಥನೆಗೆ ಬಂದು, ಅಷ್ಟೂ ಮಕ್ಕಳ ಎದುರಿಗೆ, ಬಂಡಲು ಬಿಚ್ಚಿದವನು ನೀನೇ ಅಂತ ಅಟೆಂಡರಿಗೆ ಬೈದರು.

ಅಟೆಂಡರ್ ಐವತ್ತು ದಾಟಿದ ಮನುಷ್ಯ. ನಾನೂ ಸೇರಿ ಎಲ್ಲರೂ ಅವರನ್ನು ಅಣ್ಣ ಅನ್ನುತ್ತಿದ್ದೆವು. ಅವತ್ತು ಬೈಗುಳ ಮುಗಿದ ಮೇಲೆ ಹೋಗಿ ಎಂದಿನಂತೆ ಗಂಟೆ ಬಾರಿಸಿದರಂತೆ. ಅವರ ಮಗಳು ಅದೇ ಪ್ರಾರ್ಥನೆಯಲ್ಲಿ ಒಂಬತ್ತನೇ ತರಗತಿಯ ಸಾಲಿನಲ್ಲಿ ನಿಂತಿದ್ದಳು. ಇದನ್ನು ಕೇಳಿ ನನಗೆ ಹೊಟ್ಟೆ ಉರಿಯಿತು. ಪತ್ರಿಕೆಯನ್ನು ಬಸ್ಸಲ್ಲಿ ಕಳಿಸುವುದೇ ಬೇಡ, ಇಂಟರ್ನೆಟ್ಟಿನಲ್ಲಿ ಬೀಗ ಹಾಕಿ ಕಳಿಸೋಣ ಅಂತ ಹೊರಟವಳು ನಾನು. ನಗೆಪಾಟಲು ಶುರುವಾದದ್ದು ಅಲ್ಲಿಂದ.

ಒಂದು: ಬಜ್ಜಿ ಆರುವ ಮೊದಲು

ಮಂಡಳಿಯ ಸಭೆಯಲ್ಲಿ ವಿವರಿಸಲು ನಿಂತೆ. ಪತ್ರಿಕೆಯ ಅಕ್ಷರಗಳನ್ನೆಲ್ಲ ಕಂಪ್ಯೂಟರು ಒಂದು ಗುಟ್ಟಿನ ಸಂಖ್ಯೆ ಹಿಡಿದು ಕಲಸಿಬಿಡುತ್ತದೆ, ಆ ಸಂಖ್ಯೆ ಕೊಟ್ಟರೆ ಮಾತ್ರ ಮತ್ತೆ ಪತ್ರಿಕೆಯಾಗುತ್ತದೆ, ದಾರಿಯಲ್ಲಿ ಯಾರೇ ಕದ್ದರೂ ಅವರಿಗೆ ಸಿಗುವುದು ಬರೀ ಕಲಸುಮೇಲೋಗರ ಎಂದೆ. ನಡುವೆ ಮೂರು ಸಲ ಕ್ರಿಪ್ಟೋಗ್ರಫಿ ಅಂದೆ. ಅದರ ಅಗತ್ಯವಿರಲಿಲ್ಲ, ಬಾಯಿ ತುಂಬಾ ಬರುತ್ತದೆ ಅಂತ ಅಂದೆ.

ಎಲ್ಲರೂ ತಲೆಯಾಡಿಸಿದರು. ಅರಿಸಿನದ ಮಂಡಿ ಇಟ್ಟಿದ್ದ ಸದಸ್ಯರೊಬ್ಬರು ಮಾತ್ರ ತಟ್ಟೆಯಿಂದ ತಲೆ ಎತ್ತಿರಲಿಲ್ಲ. ಇವರಿಗೆ ಬಜ್ಜಿಯೇ ಸಾಕು, ನನ್ನ ವಿದ್ಯೆ ಯಾಕೆ ಅಂದುಕೊಂಡೆ. ಅಷ್ಟರಲ್ಲಿ ಅವರು ಬಾಯಿ ಒರೆಸಿಕೊಂಡು ಕೇಳಿದರು.

"ಬೀಗ ಆಕಿದ್ ಪೆಟ್ಗೆ ಒಂದ್ ಬಸ್ಸಲ್ಲಿ ಕಳುಸ್ತೀಯ, ಸರಿ ಕಣಮ್ಮಿ. ಬೀಗದ್ ಕೈನ ಯಾವ್ ಬಸ್ಸಲ್ಲಿ ಕಳುಸ್ತೀಯ?"

ಮೈಸೂರಿನಲ್ಲಿ ನಮ್ಮ ಮೇಷ್ಟ್ರು ಈ ಪ್ರಶ್ನೆಗೆ ಬಂದು ತಲುಪಲು ಎರಡು ಕ್ಲಾಸು ತೆಗೆದುಕೊಂಡಿದ್ದರು. ಇಡೀ ವಿದ್ಯೆಯ ಕಷ್ಟ ಇರುವುದೇ ಅಲ್ಲಿ. ಆಮೇಲೆ ಈ ಮಾತನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ, ನಮ್ಮ ಕಡೆಯವರ ತಲೆ ನೋಡಿ ಅಂತ. ಆದರೆ ಅವತ್ತು ಉತ್ತರ ಹೊಳೆಯದೆ ತಡವರಿಸಿದೆ. ಅವರು ಇನ್ನೊಂದು ಬಜ್ಜಿ ಎತ್ತಿಕೊಂಡು, ಅವಸರ ಇಲ್ಲ, ಕೂತು ತಿನ್ನು, ತಿನ್ನುವಾಗ ಹೊಳೆಯುತ್ತದೆ, ನನಗೂ ಹಾಗೇ ಹೊಳೆದದ್ದು ಎಂದರು.

ಎರಡು: ಅತ್ಯಂತ ಗೌಪ್ಯ

ಅನುಮತಿ ಸಿಕ್ಕಿತು. ಪ್ರಯೋಗಕ್ಕೆ ಅಂತ ಒಂದು ಸುಳ್ಳು ಪತ್ರಿಕೆಗೆ ಬೀಗ ಹಾಕಿ ಕಳಿಸಿ, ಬಿಚ್ಚುವ ಸಂಖ್ಯೆಯನ್ನು ಗುಂಡ್ಲುಪೇಟೆಯ ಹೆಡ್‌ಮಾಸ್ಟರಿಗೆ ಫೋನಿನಲ್ಲಿ ಹೇಳಿದೆ. ಇದು ಬಹಳ ಗೌಪ್ಯ ಸರ್, ಹೊರಗೆ ಹೋಗಬಾರದು ಅಂತ ಎರಡು ಸಲ ಒತ್ತಿ ಹೇಳಿದೆ. ಹೆಡ್‌ಮಾಸ್ಟರ್ ಶಿಸ್ತಿನ ಮನುಷ್ಯ. ಸ್ಕೂಲಿನಲ್ಲಿ ಚಾಕ್‌ಪೀಸು ಮುರಿದರೂ ಲೆಕ್ಕ ಬರೆಸುವವರು. ಚಿಂತೆ ಬೇಡ ಮೇಡಂ, ನಾನಿದ್ದೇನೆ ಎಂದರು.

ಮಾರನೆಯ ದಿನ ನಾನೇ ಗುಂಡ್ಲುಪೇಟೆಗೆ ಹೋದೆ. ಸ್ಟಾಫ್ ರೂಮಿನ ಮೇಜಿನ ಮೇಲೆ ಸೂಚನಾ ಪುಸ್ತಕ ತೆರೆದಿತ್ತು. ದುಂಡು ಅಕ್ಷರದಲ್ಲಿ ಬರೆದಿತ್ತು: ಕೆಳಕಂಡ ಸಂಖ್ಯೆಯು ಅತ್ಯಂತ ಗೌಪ್ಯವಾಗಿದ್ದು, ಯಾರೂ ಯಾರಿಗೂ ತಿಳಿಸತಕ್ಕದ್ದಲ್ಲ. ಎಲ್ಲ ಸಿಬ್ಬಂದಿ ಓದಿ ಸಹಿ ಮಾಡತಕ್ಕದ್ದು. ಕೆಳಗೆ ಸಂಖ್ಯೆ, ಅದರ ಕೆಳಗೆ ಅಷ್ಟೂ ಜನರ ಸಹಿ. ಡ್ರಾಯಿಂಗ್ ಮಾಸ್ಟರ್ ರಜೆಯಲ್ಲಿದ್ದರಂತೆ. ಅವರ ಮನೆಗೇ ಪುಸ್ತಕ ಕಳಿಸಿ ಸಹಿ ತರಿಸಿದ್ದರು. ಇನ್ನು ಸೂಚನಾ ಪುಸ್ತಕ ಬಂದರೆ ಮಕ್ಕಳಿಗೆ ಓದಿ ಹೇಳುವುದು ವಾಡಿಕೆಯಲ್ಲವೇ? ಸಮಾಜ ವಿಜ್ಞಾನದ ಮೇಡಂ ಎಂಟನೇ ತರಗತಿಯಲ್ಲಿ ಅದನ್ನು ಗಟ್ಟಿಯಾಗಿ ಓದಿದ್ದರು. ಮಕ್ಕಳು ಕಾಪಿ ಪುಸ್ತಕದಲ್ಲಿ ಬರೆದುಕೊಂಡಿದ್ದವು.

ನನಗೆ ಅಳು ಬರುವುದೊಂದು ಬಾಕಿ. ಹೆಡ್‌ಮಾಸ್ಟರಿಗೆ ಮಾತ್ರ ನನ್ನ ಮೇಲೆಯೇ ಬೇಸರ.

"ಗೌಪ್ಯ ಅಂತ ಎಲ್ಲರಿಗೂ ತಿಳಿಸದೆ, ಎಲ್ಲರೂ ಅದನ್ನ ಗೌಪ್ಯವಾಗಿ ಇಡೋದು ಹೇಗೆ ಮೇಡಂ?"

ಮೂರು: ನಾಲ್ಕನೇ ಪ್ರಶ್ನೆ

ಹೊಸ ಸಂಖ್ಯೆ ಮಾಡಿ ಎರಡನೇ ಪ್ರಯೋಗ. ಈ ಸಲ ಸೂಚನಾ ಪುಸ್ತಕವನ್ನು ನಾನೇ ಬೀರುವಿನಲ್ಲಿ ಹಾಕಿಸಿದ್ದೆ. ಪತ್ರಿಕೆ ಬಂತು. ಬೀಗ ಇದ್ದಾಗ ತೆರೆದು ತೋರಿಸಿದೆ, ಪರದೆಯ ತುಂಬಾ ಕಲಸುಮೇಲೋಗರ. ನೋಡಿ, ಇದೇ ರಕ್ಷಣೆ ಎಂದು ಎದೆಯುಬ್ಬಿಸಿ ಹೇಳಿದೆ. ಆಮೇಲೆ ಸಂಖ್ಯೆ ಒತ್ತಿ ಬೀಗ ತೆಗೆದೆ. ಪರದೆಯ ತುಂಬಾ ಇನ್ನೊಂದು ಬಗೆಯ ಕಲಸುಮೇಲೋಗರ.

ಮತ್ತೆ ಒತ್ತಿದೆ, ಅದೇ. ಮೂರನೆಯ ಸಲವೂ ಅದೇ. ಮೇಷ್ಟ್ರುಗಳು ಹಿಂದೆ ಸಾಲಾಗಿ ನಿಂತು ನೋಡುತ್ತಿದ್ದರು. ಗಣಿತದ ಮೇಷ್ಟ್ರು ಪ್ರಿಂಟ್ ತೆಗೆದ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮೇಲಿಂದ ಕೆಳಗೆ ಗಂಭೀರವಾಗಿ ಓದಿದರು. ಮಿಕ್ಕಿದ್ದೆಲ್ಲ ಸರಿಯಾಗಿದೆ ಮೇಡಂ, ನಾಲ್ಕನೇ ಪ್ರಶ್ನೆ ಮಾತ್ರ ಸಿಲಬಸ್‌ನಲ್ಲಿಲ್ಲ ಎಂದರು.

ಅರ್ಧ ಗಂಟೆ ತಲೆ ಚಚ್ಚಿಕೊಂಡ ಮೇಲೆ ಗೊತ್ತಾಯಿತು, ಬೀಗ ಸರಿಯಾಗಿಯೇ ಬಿಚ್ಚಿಕೊಂಡಿತ್ತು. ಆ ಕಂಪ್ಯೂಟರಿನಲ್ಲಿ ಕನ್ನಡದ ಫಾಂಟೇ ಇರಲಿಲ್ಲ. ಫಾಂಟ್ ಹಾಕಿದೆ, ಅಕ್ಷರಗಳು ಮುತ್ತಿನಂತೆ ಮೂಡಿದವು. ನಾನು ಗೆದ್ದವಳಂತೆ ತಿರುಗಿ ನೋಡಿದೆ. ಗಣಿತದ ಮೇಷ್ಟ್ರು ಹಾಳೆ ಮಡಿಸಿ ಜೇಬಿಗಿಟ್ಟುಕೊಳ್ಳುತ್ತಾ, ಫಾಂಟ್ ಹಾಕಬಾರದಿತ್ತು, ಕಳ್ಳ ಬೀಗ ಒಡೆದರೂ ನಮ್ಮ ಕಂಪ್ಯೂಟರಿನಲ್ಲಿ ಓದಲಾಗುತ್ತಿರಲಿಲ್ಲ ಎಂದರು.

ನಾಲ್ಕು: ಮಾತು ಬಿಟ್ಟ ಭಾವ

ಅರಿಸಿನ ಮಂಡಿಯವರ ಪ್ರಶ್ನೆಗೆ ಕೊನೆಗೂ ಉತ್ತರ ಹುಡುಕಿದೆ. ಬೀಗದಕೈಯನ್ನೇ, ಅಂದರೆ ಆ ಹದಿನಾರು ಅಂಕಿಯ ಸಂಖ್ಯೆಯನ್ನೇ, ಎರಡು ತುಂಡು ಮಾಡುವುದು. ಎರಡನ್ನೂ ಚಾಮರಾಜನಗರದ ಹೆಡ್‌ಮೇಡಂ ಒಬ್ಬರೇ ಆರಿಸಿ ಇಟ್ಟುಕೊಳ್ಳುವುದು, ನನಗೂ ಹೇಳುವಂತಿಲ್ಲ. ಮೊದಲ ಎಂಟು ಅಂಕಿ ಫೋನಿನಲ್ಲಿ ಗುಂಡ್ಲುಪೇಟೆ ಹೆಡ್‌ಮಾಸ್ಟರಿಗೆ. ಉಳಿದ ಎಂಟು ಅಟೆಂಡರ್ ಅಣ್ಣನ ತಲೆಯಲ್ಲಿ. ಒಬ್ಬರದು ಇನ್ನೊಬ್ಬರಿಗೆ ತಿಳಿಯಬಾರದು. ಪರೀಕ್ಷೆಯ ಬೆಳಿಗ್ಗೆ ಇಬ್ಬರೂ ತಮ್ಮ ತಮ್ಮ ಪಾಲನ್ನು ತಾವೇ ಒತ್ತಬೇಕು.

ಅಧ್ಯಕ್ಷರು ಮುಖ ಗಂಟು ಹಾಕಿದರು, ಅವನ ತಲೆಯೇ ಬೇಕಿತ್ತಾ ಎಂದರು. ಬಂಡಲಿನ ಮುದ್ರೆ ಯಾರು ಬೇಕಾದರೂ ಒಡೆಯಬಹುದು ಸರ್, ತಲೆಯದು ಒಡೆಯಲಾಗದು ಎಂದೆ. ಈ ಸಲವೂ ಸೋರಿದರೆ ನೀನೂ ಮನೆಗೆ, ಅವನೂ ಮನೆಗೆ ಎಂದರು. ಒಪ್ಪಿಕೊಂಡೆ. ಒಪ್ಪಿದ ಮೇಲೆ ಎರಡು ದಿನ ಅನ್ನ ಸೇರಲಿಲ್ಲ, ಅದು ಬೇರೆ ಮಾತು.

ಪರೀಕ್ಷೆಯ ಹಿಂದಿನ ದಿನ ಅಣ್ಣ ಚಾಮರಾಜನಗರಕ್ಕೆ ಬಂದರು. ಹೆಡ್‌ಮೇಡಂ ಬಾಗಿಲು ಹಾಕಿಕೊಂಡು ಎಂಟು ಅಂಕಿ ಹೇಳಿಕೊಟ್ಟರು. ಅಣ್ಣ ಹೊರಗೆ ಬಂದದ್ದೇ ತಡ, ಮಾತು ನಿಲ್ಲಿಸಿಬಿಟ್ಟರು. ಬೇರೆ ಅಂಕಿ ಕಿವಿಗೆ ಬಿದ್ದರೆ ಎಲ್ಲಿ ಕಲಸಿಹೋಗುತ್ತದೋ ಎಂಬ ಭಯ. ನಾನು ಟೀ ಕೊಟ್ಟರೆ ಕೈಮುಗಿದರು. ಬಸ್ಸಿನಲ್ಲಿ ಕಂಡಕ್ಟರ್ ಎಷ್ಟು ಟಿಕೆಟ್ ಅಂದರೆ ಬೆರಳೊಂದನ್ನು ಎತ್ತಿ ಕಿವಿ ಮುಚ್ಚಿಕೊಂಡರಂತೆ. ಅದೇ ಬಸ್ಸಿನಲ್ಲಿ ಹರವೆ ಊರಿನ ಅವರ ಭಾವಮೈದ ಪಕ್ಕಕ್ಕೆ ಬಂದು ಕೂತಿದ್ದಾನೆ. ಮನೆ ಕಡೆ ಹೇಗೆ ಅಂದಿದ್ದಾನೆ, ಉತ್ತರವಿಲ್ಲ. ಅಕ್ಕ ಚೆನ್ನಾಗಿದ್ದಾಳಾ ಅಂದಿದ್ದಾನೆ, ಉತ್ತರವಿಲ್ಲ. ಭಾವ ತುಟಿ ಅಲ್ಲಾಡಿಸುತ್ತಾ ಕಿಟಕಿಯಾಚೆ ನೋಡುತ್ತಿದ್ದಾರೆ.

ಅವತ್ತು ಸಂಜೆಯೊಳಗೆ ಸುದ್ದಿ ಹರವೆ ತಲುಪಿ, ಹರವೆಯಿಂದ ಗುಂಡ್ಲುಪೇಟೆಗೆ ವಾಪಸು ಬಂತು. ಅಣ್ಣನ ಹೆಂಡತಿ ಬಾಗಿಲಲ್ಲೇ ನಿಂತು ಕೇಳಿದಳಂತೆ.

"ನಮ್ ತಮ್ಮ ಮಾತಾಡ್ಸುದ್ರೂ ಮಾತಾಡ್ನಿಲ್ವಂತೆ. ಕಂಪ್ಯೂಟ್ರು ಮುಟ್ಟಕ್ ಮುಂಚೇನೆ ಇಷ್ಟ್ ಕೊಬ್ಬು, ಮುಟ್‌ಬುಟ್ರೆ ಇನ್ನೆಷ್ಟು?"

ಅಣ್ಣ ತುಟಿ ಅಲ್ಲಾಡಿಸುತ್ತಲೇ ಒಳಗೆ ಹೋದರಂತೆ.

ಐದು: ಟವಲು

ಪರೀಕ್ಷೆಯ ಬೆಳಿಗ್ಗೆ ಗುಂಡ್ಲುಪೇಟೆಯ ಕಂಪ್ಯೂಟರ್ ರೂಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೇಷ್ಟ್ರುಗಳೆಲ್ಲ ಅಲ್ಲೇ, ಕಿಟಕಿಗೆ ಅಂಟಿಕೊಂಡು ನಾಲ್ಕಾರು ಪೋಷಕರು, ನಡುವೆ ಕುರ್ಚಿಯಲ್ಲಿ ಅಧ್ಯಕ್ಷರು. ಅಧ್ಯಕ್ಷರಿಗೆ ಕಿವಿ ಮಂದ, ಅದಕ್ಕೇ ದನಿ ದೊಡ್ಡದು. ಪತ್ರಿಕೆ ಬಂದು ಇಳಿಯಿತು. ಹೆಡ್‌ಮಾಸ್ಟರ್ ತಮ್ಮ ಎಂಟು ಅಂಕಿ ಒತ್ತಿ ಹಿಂದೆ ಸರಿದರು. ಅಟೆಂಡರ್ ಅಣ್ಣ ಮುಂದೆ ಬಂದು ಜೇಬು ತಡಕಿದರು, ಮತ್ತೆ ತಡಕಿದರು. ಅಂಕಿ ನೆನಪಿಟ್ಟುಕೊಳ್ಳುವ ಭರದಲ್ಲಿ ಹಿಂದಿನ ದಿನ ಕನ್ನಡಕವನ್ನು ಬಸ್ಸಿನಲ್ಲೇ ಬಿಟ್ಟು ಬಂದಿದ್ದರು. ಕೀಬೋರ್ಡಿನ ಮೇಲಿನ ಅಂಕಿಗಳು ಅವರಿಗೆ ಇರುವೆ ಸಾಲಿನಂತೆ ಕಂಡವು.

ಬಾಯಲ್ಲಿ ಹೇಳು, ನಾನು ಒತ್ತುತ್ತೇನೆ ಎಂದರು ಹೆಡ್‌ಮಾಸ್ಟರ್. ಅಣ್ಣ ತಲೆಯಾಡಿಸಿದರು. ನಿಮ್ಮ ಹತ್ತಿರ ಒಂದು ಪಾಲು ಇದೆ, ಇನ್ನೊಂದು ಕೊಡಬಾರದು ಅಂತ ಮೇಡಂ ಹೇಳಿದ್ದಾರೆ ಎಂದರು. ನನ್ನ ಕಿವಿಯಲ್ಲಿ ಹೇಳಿ ಅಣ್ಣ ಎಂದೆ. ನನಗೂ ಹೇಳಬೇಡಿ ಅಂತ ನೀವೇ ಅಂದಿದ್ರಿ ಎಂದರು. ನಾನು ಮಾಡಿದ ನಿಯಮ ನನ್ನ ಕೊರಳಿಗೇ ಬಿತ್ತು. ಚಾಮರಾಜನಗರಕ್ಕೆ ಫೋನ್ ಮಾಡಿದರೆ ಎಂಗೇಜು, ಅಲ್ಲಿನ ಇಂಟರ್ನೆಟ್ ಓಡುತ್ತಿದ್ದದ್ದೂ ಅದೇ ಒಂದು ಲೈನಿನಲ್ಲಿ. ಪರೀಕ್ಷೆಗೆ ಒಂದು ಗಂಟೆಯೂ ಉಳಿದಿರಲಿಲ್ಲ. ಅಧ್ಯಕ್ಷರು ರೇಗಿದರು, ಹೇಳುತ್ತೀಯೋ ಇಲ್ಲವೋ, ಇದು ಯಾರ ಸ್ಕೂಲು ಅಂದುಕೊಂಡಿದ್ದೀಯ ಎಂದರು. ಇಬ್ಬರ ಕೆಲಸವೂ ಹೋಯಿತು ಅಂತಲೇ ನಾನು ಅಂದುಕೊಂಡೆ.

ಅಣ್ಣ ನೆಟ್ಟಗೆ ಅಧ್ಯಕ್ಷರ ಮುಂದೆ ಹೋಗಿ ನಿಂತರು.

"ನಿಮ್ಗಾದ್ರೆ ಯೋಳ್ತೀನಿ ಯಜಮಾನ್ರೇ. ಇನ್ಯಾರ್ಗೂ ಯೋಳಕ್ಕಿಲ್ಲ. ನಾಳೀಕೆ ಇದು ಈಚ್ಗೆ ಬಂದ್ರೆ, ಕಳ್ಳ ನಾನು, ಇಲ್ಲ ನೀವು."

ಅಧ್ಯಕ್ಷರು ಕಿವಿಯ ಹಿಂದೆ ಕೈಯಿಟ್ಟು, ಸರಿ, ಹೇಳು ಎಂದರು. ಆ ಕಿವಿಗೆ ಮುಟ್ಟುವಂತೆ ಹೇಳಿದರೆ ಊಟಿ ರಸ್ತೆಯವರೆಗೂ ಕೇಳಿಸುತ್ತದೆ. ಅಣ್ಣ ಹೆಗಲ ಮೇಲಿದ್ದ ಟವಲು ತೆಗೆದು ಕೊಡವಿ, ತಮ್ಮ ಬಲಗೈ ಮೇಲೆ ಹಾಸಿಕೊಂಡು ಅಧ್ಯಕ್ಷರ ಮುಂದೆ ಚಾಚಿದರು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಬೇರೆ ಕಡೆಯವರಿಗೆ ಹೇಳುತ್ತೇನೆ. ತೆರಕಣಾಂಬಿಯ ದನದ ಸಂತೆಯಲ್ಲಿ ಎತ್ತಿನ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಟವಲಿನ ಕೆಳಗೆ ಒಬ್ಬರ ಕೈ ಒಬ್ಬರು ಹಿಡಿದು ಬೆರಳು ಅದುಮುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಅಂಗೈಯೆಲ್ಲ ಹಿಡಿದರೆ ಐದು, ಅದರ ಮೇಲೊಂದು ಬೆರಳು ಸೇರಿದರೆ ಆರು. ಸುತ್ತ ನೂರು ಜನ ನಿಂತಿದ್ದರೂ ಬೆಲೆ ಗೊತ್ತಿರುವುದು ಆ ಇಬ್ಬರಿಗೇ. ಅಣ್ಣನ ಅಪ್ಪ ಅದೇ ಸಂತೆಯಲ್ಲಿ ದಲ್ಲಾಳಿಯಾಗಿದ್ದವರು. ಅಧ್ಯಕ್ಷರು ನಲವತ್ತು ವರ್ಷ ಅಲ್ಲಿ ಎತ್ತು ಕೊಂಡವರು.

ಅಧ್ಯಕ್ಷರು ಕುರ್ಚಿಯನ್ನು ಕಂಪ್ಯೂಟರಿನ ಮುಂದಕ್ಕೆ ಎಳೆದುಕೊಂಡರು, ಕೈ ತಾನಾಗಿ ಟವಲಿನ ಕೆಳಗೆ ಹೋಯಿತು. ಬಟ್ಟೆ ಎಂಟು ಸಲ ಅಲುಗಿತು. ಒಂದೊಂದು ಸಲ ಅಲುಗಿದಾಗಲೂ ಅವರು ಎಡಗೈಯ ತೋರುಬೆರಳನ್ನು ಕೀಬೋರ್ಡಿನ ಮೇಲೆ ಇಳಿಸಿದರು. ಅವರ ಅಗಲವಾದ ಬೆನ್ನು ಅಡ್ಡವಿತ್ತು, ಪರದೆಯಲ್ಲಿ ಅಂಕಿಯ ಬದಲು ಮೂಡುವ ನಕ್ಷತ್ರ ಬಿಟ್ಟರೆ ಏನೂ ಕಾಣಲಿಲ್ಲ. ಎಂಟನೆಯದಕ್ಕೆ ಪತ್ರಿಕೆ ಬಿಚ್ಚಿಕೊಂಡಿತು, ಅಕ್ಷರಗಳು ಒಂದೂ ತಪ್ಪಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಜಗತ್ತಿನ ಯಾವ ದೊಡ್ಡ ಕಂಪನಿಯಲ್ಲೂ ಬೀಗದಕೈ ಇಷ್ಟು ಚೆನ್ನಾಗಿ ಕೈ ಬದಲಾಗಿರಲಿಕ್ಕಿಲ್ಲ ಅಂತ ನಾನು ಇವತ್ತಿಗೂ ವಾದಿಸುತ್ತೇನೆ.

ಅಧ್ಯಕ್ಷರು ಮಾತ್ರ ಟವಲಿನ ಕೆಳಗಿನ ಕೈ ತೆಗೆಯಲಿಲ್ಲ. ಹಾಗೇ ಹಿಡಿದುಕೊಂಡು, ಅಣ್ಣನ ಕಡೆ ಬಾಗಿ, ತಮ್ಮ ಪ್ರಕಾರ ಪಿಸುಮಾತಿನಲ್ಲಿ, ಹೋದ ವರ್ಷ ನಿನ್ನನ್ನು ಅಂದದ್ದು ತಪ್ಪಾಯಿತು ಕಣಪ್ಪ, ಮನಸ್ಸಿನಲ್ಲಿ ಇಟ್ಟುಕೋಬೇಡ ಎಂದರು. ಕಿವಿ ಮಂದವಾದವರ ಪಿಸುಮಾತು. ರೂಮಿನವರಿಗೆ ಕೇಳಿಸಿತು, ಕಿಟಕಿಯವರಿಗೆ ಕೇಳಿಸಿತು, ಅಂಗಳದಾಚೆ ಬೆಂಚು ಜೋಡಿಸುತ್ತಿದ್ದವರೂ ತಿರುಗಿ ನೋಡಿದರು.

ಅಣ್ಣ ಟವಲು ಮಡಿಸಿ ಹೆಗಲಿಗೆ ಹಾಕಿಕೊಂಡರು.

"ಕೇಳುಸ್ನಿಲ್ಲ ಯಜಮಾನ್ರೇ. ಪ್ರಾರ್ಥನೇಲಿ ಯೋಳುದ್ರೆ ಕೇಳುಸ್ತದೆ."

ಮಾರನೆಯ ದಿನ ಕೇಳಿಸಿತು.